ನೀವು ಕೇಳಿದಿರಿ: ಹಳೆ ಆಟಕ್ಕೆ ಹೊಸ ಬಣ್ಣ, ಹಳೆ ಕಥೆಗೆ ಎರಡನೇ ಭಾಗ

ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಹಳೆಯ ಸಾಹಸದ, ಒಗಟಿನ ಕಂಪ್ಯೂಟರ್ ಆಟಗಳನ್ನು ಹೊಸದಾಗಿ ಮಾಡಿದರೆ ನಿಮಗೆ ಖುಷಿಯಾ, ಬೇಜಾರಾ? ಮೆಚ್ಚಿದ ಸಿನಿಮಾಕ್ಕೆ ಎರಡನೇ ಭಾಗ ಬಂದರೆ? ಹೀಗೆ ಹೋದ ತಿಂಗಳು ಕೇಳಿದ್ದೆ. ಮಡಿಕೇರಿ, ಸೋಮವಾರಪೇಟೆ, ನಾಪೋಕ್ಲು, ಕುಟ್ಟ, ಎಲ್ಲ ಕಡೆಯಿಂದ ಬರೆದಿದ್ದೀರಿ. ಹೊರಗೆ ಕಕ್ಕಡ ತಿಂಗಳ ಮಳೆ ಹೊಡೆಯುತ್ತಿದೆ. ಬೆಳಿಗ್ಗೆಯಿಂದ ಮೂರು ಸಲ ಕರೆಂಟ್ ಹೋಯಿತು. ಅದಕ್ಕೇ ಉತ್ತರಗಳನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ.

ಹೊಸ ಓದುಗರಿಗೆ ಒಂದು ಮಾತು. ಗೋಣಿಕೊಪ್ಪದಲ್ಲಿ ನನ್ನ ಅಪ್ಪ ವಿಡಿಯೋ ಕ್ಯಾಸೆಟ್ ಲೈಬ್ರರಿ ಇಟ್ಟಿದ್ದರು. ಅದೇ ಅಂಗಡಿಯಲ್ಲಿ ಮುಂದೆ ನಾನು ಆರು ಕಂಪ್ಯೂಟರ್ ಹಾಕಿ ಸೈಬರ್ ಸೆಂಟರ್ ನಡೆಸಿದೆ. ಸಿನಿಮಾ, ಕಂಪ್ಯೂಟರ್ ಆಟ ಎರಡೂ ನನಗೆ ಸಿಕ್ಕಿದ್ದು ಒಂದೇ ಕೌಂಟರಿನ ಹಿಂದೆ.

ಪ್ರಶ್ನೆ: 1996ರಲ್ಲಿ ನಾನು ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೇ 'ಪ್ರಿನ್ಸ್ ಆಫ್ ಪರ್ಷಿಯಾ' ಆಡಲು. ಮೊನ್ನೆ ಮಗನಿಗೆ ಅದನ್ನು ತೋರಿಸಿದೆ. ಐದು ನಿಮಿಷ ನೋಡಿ, 'ಇದರಲ್ಲಿ ಏನಿದೆ ಅಪ್ಪಾ' ಅಂದ. ಹೊಸ ರೂಪದಲ್ಲಿ ಬಂದಿದ್ದರೆ ಆಡುತ್ತಿದ್ದನೇನೋ. ನೀವೇನಂತೀರಿ? (ವಿರಾಜಪೇಟೆಯ ಓದುಗರು)

ಅಣ್ಣ, ನಿಮ್ಮ ಪತ್ರ ಓದುವಾಗ ಆ ಕಬ್ಬಿಣದ ಗೇಟು ಕಟಕಟ ಅಂತ ಇಳಿಯುವ ಸದ್ದು ಕಿವಿಯಲ್ಲಿ ಬಂತು.

ಜೋರ್ಡನ್ ಮೆಕ್ನರ್ ಅದನ್ನು 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಮಾಡಿದ್ದು. ನಾವು ಆಡಿದ್ದು ಡಾಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲಿನ ಕಂಪ್ಯೂಟರ್ ವ್ಯವಸ್ಥೆಗೆ, ಬಂದ ರೂಪ. ಅವರು ತಮ್ಮನಿಗೆ ಬಿಳಿ ಬಟ್ಟೆ ಹಾಕಿಸಿ, ಓಡಿಸಿ, ಹಾರಿಸಿ, ವಿಡಿಯೋ ತೆಗೆದರು. ಆಮೇಲೆ ಒಂದೊಂದೇ ಚಿತ್ರವನ್ನು ನೋಡಿ ರಾಜಕುಮಾರನ ನಡಿಗೆ ಬರೆದರು. ಆ ರಾಜಕುಮಾರ ಓಡಿ ಬಂದು ಗಕ್ಕನೆ ನಿಲ್ಲಲಾರ. ಒಂದೆರಡು ಹೆಜ್ಜೆ ಜಾರಿಯೇ ನಿಲ್ಲುತ್ತಾನೆ. ಎಷ್ಟು ಜನ ಆ ಎರಡು ಹೆಜ್ಜೆಯಲ್ಲೇ ಮುಳ್ಳಿನ ಗುಂಡಿಗೆ ಬಿದ್ದಿಲ್ಲ ಹೇಳಿ! ಅವನಿಗೆ ನಿಜವಾದ ಮೈಭಾರ ಇತ್ತು. ಕೆಳಗೆ ನೋಡಿದಾಗ ನಮಗೆ ಹೆದರಿಕೆ ಆಗುತ್ತಿದ್ದದ್ದು ಅದಕ್ಕೇ.

ನಾಲ್ಕನೇ ಹಂತದ ಕನ್ನಡಿ ನೆನಪಿದೆಯಾ? ದಾರಿಗೆ ಅಡ್ಡ ನಿಂತಿರುತ್ತದೆ. ಬೇರೆ ದಾರಿ ಇಲ್ಲ. ಓಡಿ ಬಂದು ಅದರೊಳಕ್ಕೇ ಹಾರಬೇಕು. ಹಾರಿದ ಕೂಡಲೇ ಆ ಕಡೆಯಿಂದ ನಿಮ್ಮ ನೆರಳು ಹೊರಗೆ ಹಾರಿ ಓಡಿಹೋಗುತ್ತದೆ. ನಿಮ್ಮ ಜೀವ ಒಂದೇ ಒಂದು ಚುಕ್ಕಿಗೆ ಇಳಿದಿರುತ್ತದೆ. ಮುಂದೆ ಅದೇ ನೆರಳು ನಿಮ್ಮ ಮದ್ದು ಕುಡಿದುಬಿಡುತ್ತದೆ. ಕೊನೆಯಲ್ಲಿ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ನೀವು ಅದಕ್ಕೆ ಹೊಡೆದರೆ ಪೆಟ್ಟು ನಿಮಗೇ. ಏನು ಮಾಡಬೇಕು? ಕತ್ತಿ ಒಳಗಿಡಬೇಕು. ಆಗ ಇಬ್ಬರೂ ಒಂದಾಗುತ್ತೀರಿ. ಆಮೇಲೆ ನೆಲವೇ ಇಲ್ಲದ ಕಡೆ ಓಡಿದರೆ ಕಾಲ ಕೆಳಗೆ ನೆಲ ಮೂಡುತ್ತಾ ಹೋಗುತ್ತದೆ. ನನಗೆ ಆಗ ಹದಿನಾರು ವರ್ಷ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೊಡೆದು ಹೊಡೆದು ಸತ್ತು, ಸಾಕಾಗಿ ಕೈ ಬಿಟ್ಟಾಗ ಗೊತ್ತಾಯಿತು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಹೊಸ ರೂಪ ಬಂದಿಲ್ಲ ಅಂತಲ್ಲ. 2007ರಲ್ಲಿ ಹಂತಗಳನ್ನು ಹೆಚ್ಚುಕಡಿಮೆ ಹಾಗೇ ಇಟ್ಟು ಹೊಸ ಚಿತ್ರ ಹಾಕಿ ಒಂದು ಬಂತು. ಚೆನ್ನಾಗಿಯೇ ಇತ್ತು. 2003ರ 'ಸ್ಯಾಂಡ್ಸ್ ಆಫ್ ಟೈಮ್' ಹೆಸರಿನಲ್ಲಿ ಮಾತ್ರ ಹಳೆಯದು, ಆಟ ಪೂರ್ತಿ ಬೇರೆ. ತಪ್ಪು ಮಾಡಿದರೆ ಸಮಯವನ್ನೇ ಹಿಂದಕ್ಕೆ ಎಳೆಯುವ ಕಠಾರಿ ಅದರಲ್ಲಿತ್ತು. ಅದನ್ನೂ ಹೊಸದಾಗಿ ಮಾಡುತ್ತೇವೆ ಅಂತ 2020ರ ಸೆಪ್ಟೆಂಬರಿನಲ್ಲಿ ಯೂಬಿಸಾಫ್ಟ್ ಕಂಪನಿ ಹೇಳಿತು. ಕೆಲಸ ನಡೆದಿದ್ದು ಅದರ ಪುಣೆ, ಮುಂಬೈ ಸ್ಟುಡಿಯೋಗಳಲ್ಲಿ. ನನಗೆ ಎಷ್ಟು ಹೆಮ್ಮೆ ಆಗಿತ್ತು ಗೊತ್ತಾ? ಆದರೆ ಮೊದಲ ಟ್ರೇಲರ್ ನೋಡಿ ಜನ ಮುಖದ ಚಿತ್ರ ಸರಿಯಿಲ್ಲ, ಬಣ್ಣ ಸರಿಯಿಲ್ಲ ಅಂತ ಹರಿಹಾಯ್ದರು. ಬಿಡುಗಡೆ ಮುಂದಕ್ಕೆ ಹೋಯಿತು. 2022ರಲ್ಲಿ ಕೆಲಸವನ್ನೇ ಮಾಂಟ್ರಿಯಲ್‌ಗೆ ಕೊಟ್ಟುಬಿಟ್ಟರು. ಚಿತ್ರ ತಿದ್ದಬಹುದಿತ್ತು. ಹಾರುವಾಗ ಮೈಭಾರ ಇದೆಯಾ ಅಂತ ಯಾರೂ ಕೇಳಲೇ ಇಲ್ಲವಲ್ಲ ಅಂತ ನನಗೆ ಇವತ್ತಿಗೂ ಬೇಸರ.

ನಿಮ್ಮ ಮಗನ ವಿಷಯ. ಅವನ ಕೈಗೆ ಕೊಟ್ಟು ಎದ್ದು ಹೋಗಬೇಡಿ. ಪಕ್ಕದಲ್ಲಿ ಕೂತು ಮೊದಲ ಮೂರು ಹಂತ ನೀವೇ ಆಡಿ. ಕನ್ನಡಿಯ ಮುಂದೆ ಬಂದ ಮೇಲೆ ಕೀಬೋರ್ಡ್ ಅವನ ಕಡೆ ತಳ್ಳಿ. ಏನೂ ಹೇಳಬೇಡಿ.

ಪ್ರಶ್ನೆ: ಹೊಸದು ಬಂದ ಮೇಲೆ ಹಳೆಯದು ಯಾಕೆ ಬೇಕು? ಹೊಸ ಮನೆ ಕಟ್ಟಿದ ಮೇಲೆ ಹಳೆ ಮನೆಯನ್ನು ಇಟ್ಟುಕೊಳ್ಳುತ್ತಾರಾ? ಹಿಂದೆ ಒಮ್ಮೆ ನೀವು 'ಹಳೆಯದನ್ನು ತೆಗೆದರೆ ನಾನು ಒಪ್ಪಲ್ಲ' ಅಂತ ಬರೆದಿದ್ದಿರಿ. ಯಾಕಿಷ್ಟು ಹಟ? (ಸಿದ್ದಾಪುರದ ಓದುಗರು)

ನಮ್ಮ ಕೊಡಗಿನಲ್ಲಿ ಐನ್‌ಮನೆಯನ್ನು, ಅಂದರೆ ಒಕ್ಕದ (ಕುಲದ) ಮೂಲಮನೆಯನ್ನು, ಕೆಡವುತ್ತಾರಾ? ಒಕ್ಕದವರೆಲ್ಲ ಬೇರೆ ಬೇರೆ ಕಡೆ ಆರ್‌ಸಿಸಿ ಮನೆ ಕಟ್ಟಿಕೊಂಡಿರುತ್ತಾರೆ. ಪುತ್ತರಿ ಸುಗ್ಗಿಹಬ್ಬಕ್ಕೆ ಮಾತ್ರ ಎಲ್ಲರೂ ಅಲ್ಲಿಗೇ ಬರಬೇಕು.

ಆದರೆ ನನ್ನ ಹಟಕ್ಕೆ ಕಾರಣ ಮನೆ ಅಲ್ಲ, ಕ್ಯಾಸೆಟ್ಟು. ಹಳೆಯ ವಿಎಚ್‌ಎಸ್ ಕ್ಯಾಸೆಟ್ಟಿನ ಬೆನ್ನಿನ ಒಂದು ಮೂಲೆಯಲ್ಲಿ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು ಇರುತ್ತಿತ್ತು. ಅದನ್ನು ಮುರಿದುಹಾಕಿದರೆ ಆ ಕ್ಯಾಸೆಟ್ಟಿನ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಹೊಸ ಕ್ಯಾಸೆಟ್ ಬಂದ ದಿನ ಅಪ್ಪ ಸ್ಕ್ರೂಡ್ರೈವರ್ ಹಿಡಿದು ಒಂದೊಂದನ್ನೇ ಪಟ್ ಅಂತ ಮುರಿಯುತ್ತಿದ್ದರು. ತುಂಡುಗಳನ್ನು ನಾನು ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಸಿಡುತ್ತಿದ್ದೆ. ಒಂದು ಸಲ ಒಂದು ಕ್ಯಾಸೆಟ್ಟಿನ ತುಂಡು ಮುರಿಯುವುದು ತಪ್ಪಿಹೋಯಿತು. ಬಾಡಿಗೆಗೆ ಒಯ್ದವರ ಮನೆಯಲ್ಲಿ ಯಾರೋ ಅದರ ಮೇಲೆ ಮದುವೆಯ ವಿಡಿಯೋ ಹಾಕಿಕೊಂಡರು. ವಾಪಸ್ ಬಂದಾಗ ಮೊದಲ ನಲವತ್ತು ನಿಮಿಷ ಮದುವೆಯ ವಾಲಗತಾಟ್ ಕುಣಿತ, ಅಲ್ಲಿಂದ ಮುಂದಕ್ಕೆ ಸಿನಿಮಾ. ಅಂಗಡಿಯಲ್ಲಿ ಇದ್ದದ್ದು ಅದೊಂದೇ ಪ್ರತಿ. ಅಪ್ಪ ಸಿಟ್ಟು ಮಾಡಲಿಲ್ಲ. ಅದನ್ನು ಬಾಡಿಗೆಗೆ ಕೊಡುವುದು ನಿಲ್ಲಿಸಿ ಮೇಲಿನ ಕಪಾಟಿನಲ್ಲಿ ಇಟ್ಟರು, ಅಷ್ಟೆ.

ಈಗ ಇದೇ ಕೆಲಸವನ್ನು ಕಂಪನಿಗಳು ಮಾಡುತ್ತಿವೆ. 'ಜಿಟಿಎ 3', 'ವೈಸ್ ಸಿಟಿ', 'ಸ್ಯಾನ್ ಆಂಡ್ರಿಯಾಸ್' ಮೂರನ್ನೂ ಒಟ್ಟಿಗೆ ಹೊಸದಾಗಿ ಮಾಡಿ 2021ರ ನವೆಂಬರಿನಲ್ಲಿ ಬಿಟ್ಟರು. ಒಗಟಿನ ಆಟಗಳಲ್ಲ ಇವು, ಊರೆಲ್ಲ ಕಾರು ಓಡಿಸುವ ಆಟಗಳು, ಆದರೆ ವಿಷಯ ಅದೇ. ಹೊಸದು ಬರುವ ಮೊದಲೇ ಹಳೆಯ ಮೂರನ್ನೂ ಇಂಟರ್ನೆಟ್ ಅಂಗಡಿಗಳಿಂದ ತೆಗೆದುಹಾಕಿದ್ದರು. ಹೊಸದನ್ನು ತೆರೆದು ನೋಡಿದರೆ ತಪ್ಪುಗಳೇ ತಪ್ಪು. ಎಲ್ಲರೂ ಹೆಚ್ಚು ಬೈದದ್ದು ಮಳೆಗೆ. ಮಳೆ ಬಂದರೆ ಪರದೆಯ ತುಂಬಾ ದಪ್ಪ ಬಿಳಿ ಗೀರು. ರಸ್ತೆಯೇ ಕಾಣುತ್ತಿರಲಿಲ್ಲ. ವರ್ಷಕ್ಕೆ ನಾಲ್ಕು ತಿಂಗಳು ಮಳೆ ನೋಡುವ ನಮಗೆ ಅದು ಒಂದೇ ನೋಟಕ್ಕೆ ಗೊತ್ತಾಗುತ್ತೆ ಅಲ್ವಾ? ಮಳೆ ಕಣ್ಣಿಗೆ ಅಡ್ಡ ಬಂದು ನಿಲ್ಲುವುದಿಲ್ಲ, ದೂರದ್ದನ್ನು ಮಸುಕು ಮಾಡುತ್ತೆ. ಹಳೆ ಆಟದಲ್ಲಿ ತೆಳು ಗೆರೆಗಳು ಇದ್ದವು, ಸಾಕಾಗುತ್ತಿತ್ತು. ಕೊನೆಗೆ ಕಂಪನಿ ಕ್ಷಮೆ ಕೇಳಿತು. ಕಂಪ್ಯೂಟರಿಗೆ ಹಳೆಯದನ್ನೂ ಮತ್ತೆ ಮಾರುತ್ತೇವೆ ಅಂದಿತು.

ಹೊಸದು ಕೆಟ್ಟದ್ದಾಗಿದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ಕೆಟ್ಟದ್ದು ಎಲ್ಲ ಕಾಲದಲ್ಲೂ ಇರುತ್ತೆ. ಕ್ಯಾಸೆಟ್ಟಿನ ಮೇಲೆ ಕ್ಯಾಸೆಟ್ ಹಾಕಿದರಲ್ಲ, ಅದಕ್ಕೆ ಸಿಟ್ಟು.

ಪ್ರಶ್ನೆ: ನಾವು ಅಣ್ಣ ತಮ್ಮ. 'ಮಂಕಿ ಐಲ್ಯಾಂಡ್' ಆಟ ಇಬ್ಬರಿಗೂ ಪ್ರಾಣ. 2022ರಲ್ಲಿ ಬಂದ 'ರಿಟರ್ನ್ ಟು ಮಂಕಿ ಐಲ್ಯಾಂಡ್' ನೋಡಿದ ಮೇಲೆ ಜಗಳ. 'ಚಿತ್ರ ಕಾಗದ ಕತ್ತರಿಸಿ ಅಂಟಿಸಿದ ಹಾಗಿದೆ, ನಮ್ಮ ಆಟ ಇದಲ್ಲ' ಅಂತಾನೆ ಅಣ್ಣ. ಚಿತ್ರ ಪರವಾಗಿಲ್ಲ, ಕೊನೆಯೇ ಸರಿಯಿಲ್ಲ ಅನ್ನೋದು ನನ್ನ ವಾದ. ತೀರ್ಪು ಕೊಡಿ. (ಸೋಮವಾರಪೇಟೆಯ ತಮ್ಮ)

ತೀರ್ಪು ಕೊಡುವಷ್ಟು ದೊಡ್ಡವಳಲ್ಲ, ಆದರೆ ಅಭಿಪ್ರಾಯ ಗಟ್ಟಿಯಾಗಿದೆ.

ಆಡದವರಿಗೆ ಎರಡು ಮಾತು. 1990ರಲ್ಲಿ ರಾನ್ ಗಿಲ್ಬರ್ಟ್, ಟಿಮ್ ಶೇಫರ್, ಡೇವ್ ಗ್ರಾಸ್‌ಮನ್ ಸೇರಿ ಮಾಡಿದ ಆಟ. ಗೈಬ್ರಷ್ ಅನ್ನೋ ಹುಡುಗನಿಗೆ ಕಡಲ್ಗಳ್ಳ ಆಗಬೇಕು ಅಂತ ಆಸೆ. ಅದರಲ್ಲಿ ಕತ್ತಿಯುದ್ಧ ಗೆಲ್ಲುವುದು ಕೈಯಿಂದ ಅಲ್ಲ, ಬಾಯಿಂದ. ಎದುರಾಳಿ ಒಂದು ಬೈಗುಳ ಹಾಕುತ್ತಾನೆ. ಅದಕ್ಕೆ ತಕ್ಕ ಮರುಮಾತು ನಿಮಗೆ ಗೊತ್ತಿದ್ದರೆ ಅವನು ಹಿಂದೆ ಸರಿಯುತ್ತಾನೆ. ಗೊತ್ತಿಲ್ಲದಿದ್ದರೆ ಸೋಲಿ. ಅವನ ಬೈಗುಳವನ್ನು ಕಲಿತುಕೊಳ್ಳಿ, ಅದನ್ನು ಇನ್ನೊಬ್ಬನ ಮೇಲೆ ಹಾಕಿ, ಅವನು ಕೊಡುವ ಉತ್ತರವನ್ನೂ ಕಲಿಯಿರಿ. ಸೋಲುವುದೇ ಪಾಠ. ನಮ್ಮ ಸೆಂಟರಿನಲ್ಲಿ ಕಾಲೇಜು ಹುಡುಗಿಯರು ಉತ್ತರಗಳನ್ನು ನೋಟ್ಸಿನ ಹಿಂದಿನ ಪುಟದಲ್ಲಿ ಬರೆದುಕೊಳ್ಳುತ್ತಿದ್ದರು.

2009ರಲ್ಲಿ ಇದನ್ನೇ ಹೊಸ ಚಿತ್ರ, ಹೊಸ ದನಿ ಹಾಕಿ ಬಿಟ್ಟರು. ಅದರಲ್ಲಿ ಒಂದು ಕೆಲಸ ಮಾಡಿದ್ದರು ನೋಡಿ, ಅದಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಕೀಬೋರ್ಡಿನಲ್ಲಿ ಎಫ್10 ಒತ್ತಿದರೆ ನಿಂತ ಜಾಗದಲ್ಲೇ ಹಳೆಯ ಆಟ ಬಂದುಬಿಡುತ್ತೆ. ಅದೇ ಬಂದರು, ಅದೇ ರಾತ್ರಿ, ಆದರೆ 1990ರ ಚೌಕ ಚೌಕ ಚುಕ್ಕಿಗಳಲ್ಲಿ. ಮತ್ತೆ ಒತ್ತಿದರೆ ಹೊಸದು. ನಾನು ಪ್ರತಿ ಕೋಣೆಯಲ್ಲೂ ಒತ್ತಿ ನೋಡಿದೆ. ಕೆಲವು ಕಡೆ ಹೊಸದು ಚೆಂದ. ಕೆಲವು ಕಡೆ ಹಳೆಯ ಕತ್ತಲೆಯೇ ಚೆಂದ, ಯಾಕೆಂದರೆ ಅಲ್ಲಿ ಏನಿದೆ ಅಂತ ನಾವೇ ಊಹಿಸಿಕೊಳ್ಳಬೇಕಿತ್ತು. ಯಾವುದು ಒಳ್ಳೆಯದು ಅಂತ ಯಾರೂ ನನಗೆ ಹೇಳಲಿಲ್ಲ, ಎರಡನ್ನೂ ಕೈಗೆ ಕೊಟ್ಟರು. 2024ರಲ್ಲಿ 'ಟೂಂಬ್ ರೈಡರ್'ನ ಮೊದಲ ಮೂರು ಆಟಗಳು ಹೊಸದಾಗಿ ಬಂದಾಗಲೂ ಹೀಗೇ ಒಂದು ಗುಂಡಿ ಇಟ್ಟಿದ್ದರು.

ಈಗ ನಿಮ್ಮ ಜಗಳ. 1991ರ ಎರಡನೇ ಭಾಗದ ಕೊನೆ ನೆನಪು ಮಾಡಿಕೊಳ್ಳಿ. ಕಡಲ್ಗಳ್ಳರ ಕಥೆ ಇದ್ದಕ್ಕಿದ್ದ ಹಾಗೆ ಮಕ್ಕಳ ಜಾತ್ರೆಯಂಥ ಪಾರ್ಕಿನಲ್ಲಿ ಮುಗಿಯುತ್ತೆ. ಆವಾಗಲೇ ಜನ ಎರಡು ಪಾಲಾಗಿದ್ದರು. ಗಿಲ್ಬರ್ಟ್ ಆ ಕಂಪನಿ ಬಿಟ್ಟರು. ಮುಂದಿನ ಭಾಗಗಳನ್ನು ಬೇರೆಯವರು ಮಾಡಿದರು. ಮೂವತ್ತು ವರ್ಷದ ಮೇಲೆ ಅದೇ ಮನುಷ್ಯ ವಾಪಸ್ ಬಂದು, ತಾನು ಬಿಟ್ಟ ಅದೇ ಪಾರ್ಕಿನಿಂದ ಕಥೆ ಶುರು ಮಾಡಿದರು. ನನಗೆ ಅದೇ ಧೈರ್ಯವಾಗಿ ಕಂಡಿತು. ಸುಲಭದ ದಾರಿ ಇತ್ತಲ್ಲ, ಪಾರ್ಕಿನ ವಿಷಯ ಯಾರಿಗೂ ನೆನಪಿಲ್ಲ ಅನ್ನೋ ಹಾಗೆ ಮುಂದೆ ಹೋಗಬಹುದಿತ್ತು.

ಅಣ್ಣನಿಗೆ: ರೆಕ್ಸ್ ಕ್ರೌಲ್ ಬರೆದ ಆ ಚಿತ್ರ ನನಗೂ ಮೊದಲ ದಿನ ಹೊಂದಲಿಲ್ಲ. ಮೂರನೇ ದಿನ ಗೈಬ್ರಷ್ ಅವನೇ ಅನ್ನಿಸಿತು. ಹಳೆಯ ಎರಡು ಭಾಗಗಳನ್ನೇ ಪಕ್ಕಪಕ್ಕ ಇಟ್ಟು ನೋಡಿ, ಅವೂ ಒಂದರ ಹಾಗೆ ಇನ್ನೊಂದಿಲ್ಲ.

ತಮ್ಮನಿಗೆ: ಕೊನೆ ಏನು ಅಂತ ಇಲ್ಲಿ ಬರೆದರೆ ಆಡದವರಿಗೆ ಅನ್ಯಾಯ. ನನಗೆ ಅದು ಸಮಾಧಾನ ಕೊಟ್ಟಿತು. ನಿಮಗೆ ಕೊಡದಿದ್ದರೆ ಅದು ನಿಮ್ಮ ತಪ್ಪಲ್ಲ, ಅವರ ತಪ್ಪೂ ಅಲ್ಲ.

ಇಬ್ಬರಿಗೂ ಒಂದು ಮಾತು. ಆ ಆಟ ಬರುವ ಮೊದಲೇ, ಬರೀ ಟ್ರೇಲರ್ ನೋಡಿ, ಜನ ಗಿಲ್ಬರ್ಟ್ ಅವರಿಗೆ ಎಷ್ಟು ಕೆಟ್ಟದಾಗಿ ಬರೆದರು ಅಂದರೆ, ಇನ್ನು ಆಟದ ಬಗ್ಗೆ ಏನೂ ಹಂಚಿಕೊಳ್ಳುವುದಿಲ್ಲ ಅಂತ ಅವರು ಸುಮ್ಮನಾದರು. ಬೈಗುಳವನ್ನೇ ಆಟ ಮಾಡಿ ನಮ್ಮನ್ನೆಲ್ಲ ನಗಿಸಿದವರು ಅವರು. ಅವರ ಮೇಲೇ ನಿಜವಾದ ಬೈಗುಳ! ನೀವಿಬ್ಬರೂ ಮನೆಯೊಳಗೆ ಜಗಳ ಆಡಿದಿರಿ, ಅದು ಪ್ರೀತಿಯ ಜಗಳ. ಹಾಗೇ ಇರಲಿ.

ಪ್ರಶ್ನೆ: 'ಮುಂಗಾರು ಮಳೆ 2' ನಿಮಗೆ ಯಾಕೆ ಇಷ್ಟ ಆಗಲಿಲ್ಲ? ಅದರಲ್ಲೂ ಗಣೇಶ್ ಇದ್ದಾರೆ, ಹಾಡುಗಳೂ ಚೆನ್ನಾಗಿವೆ. ಮೊದಲನೆಯದನ್ನು ನೆನೆಸಿಕೊಂಡು ಎರಡನೆಯದಕ್ಕೆ ಬೈಯುವುದು ಸರಿಯಾ? (ಮಡಿಕೇರಿಯ ವಿದ್ಯಾರ್ಥಿನಿ)

ಒಳ್ಳೆಯ ಪ್ರಶ್ನೆ ಕೇಳಿದೆ ಮಗಳೇ. 2006ರ ಡಿಸೆಂಬರ್ ಕೊನೆಗೆ ಮೊದಲನೆಯದು ಬಂದಾಗ ನೀನು ಹುಟ್ಟಿದ್ದೆಯೋ ಇಲ್ಲವೋ. ನಾವು ನಾಲ್ಕು ಜನ ಕಾಫಿ ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಮೈಸೂರಿಗೆ ಹೋಗಿ ನೋಡಿದೆವು. ಪರದೆಯ ಮೇಲೆ ಮಡಿಕೇರಿ. ಅನಂತ್‌ನಾಗ್ ಸುಬ್ಬಯ್ಯ ಅನ್ನೋ ಕರ್ನಲ್. ನಮ್ಮ ಎಷ್ಟೋ ಮನೆಗಳಲ್ಲಿ ಅಂಥ ಒಬ್ಬರು ಇದ್ದೇ ಇರುತ್ತಾರೆ. ಒಂದು ಮೊಲ, ಅದಕ್ಕೆ ದೇವದಾಸ ಅಂತ ಹೆಸರು. ಎಲ್ಲಕ್ಕಿಂತ ಹೆಚ್ಚಾಗಿ ಆ ಮಳೆ. ಹಾಡಿಗೆ ಅಂತ ನೀರು ಚಿಮುಕಿಸಿದ ಮಳೆ ಅಲ್ಲ. ಮಾತಿನ ಮಧ್ಯೆ ಬರುವ, ಅಂದುಕೊಂಡದ್ದನ್ನು ಕೆಡಿಸುವ, ಬಟ್ಟೆ ಒಣಗಲು ಬಿಡದ ಮಳೆ. ಮಳೆಯನ್ನು ಅಷ್ಟು ಹೊತ್ತು ಸುಮ್ನೆ ನೋಡಲು ಬಿಟ್ಟ ಕನ್ನಡ ಸಿನಿಮಾ ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಒಂದು ಮಲ್ಟಿಪ್ಲೆಕ್ಸಿನಲ್ಲಿ ಅದು ವರ್ಷಕ್ಕೂ ಮೀರಿ ಓಡಿತು.

2016ರ ಎರಡನೆಯದರಲ್ಲಿ ನಿರ್ದೇಶಕರು ಬೇರೆ. ಮೊದಲು ಯೋಗರಾಜ್ ಭಟ್, ಇಲ್ಲಿ ಶಶಾಂಕ್. ಸಂಗೀತ ಮನೋಮೂರ್ತಿ ಅವರದ್ದಲ್ಲ, ಅರ್ಜುನ್ ಜನ್ಯ ಅವರದ್ದು. ಅದರಲ್ಲಿ ತಪ್ಪೇನಿಲ್ಲ. ರವಿಚಂದ್ರನ್ ಅಪ್ಪನಾಗಿ ಬರುವ ದೃಶ್ಯಗಳು ನನಗೆ ಇಷ್ಟ ಆದವು. ಅಪ್ಪ-ಮಗನ ಆ ಕಥೆಗೆ ತನ್ನದೇ ಒಂದು ಹೆಸರು ಇಟ್ಟಿದ್ದರೆ ನಾನು ಖುಷಿಯಾಗಿ ನೋಡುತ್ತಿದ್ದೆ. ಆದರೆ ಆ ಹೆಸರು ಕೇಳಿದ ಕೂಡಲೇ ನಾನು ಕಿಟಕಿ ಪಕ್ಕ ಕೂತು ಮಳೆಗೆ ಕಾಯುವವಳಾಗಿಬಿಟ್ಟೆ. ಕಾದದ್ದು ಬರಲಿಲ್ಲ.

ಕಕ್ಕಡ 18ಕ್ಕೆ ನಿಮ್ಮ ಮನೆಯಲ್ಲೂ ಮದ್ದುಸೊಪ್ಪಿನ ಪಾಯಸ ಮಾಡುತ್ತಾರಲ್ಲ? ಬರೀ ಆ ನೇರಳೆ ಬಣ್ಣವನ್ನು ಬೇರೆ ಏನಾದರೂ ಹಾಕಿ ತರಬಹುದು. ಬಟ್ಟಲು ಮೂಗಿನ ಹತ್ತಿರ ತಂದಾಗ ಗೊತ್ತಾಗುತ್ತೆ. ಪಾಯಸ ಸಿಹಿಯಾಗಿಯೇ ಇರಬಹುದು, ಅದಕ್ಕೆ ಮದ್ದುಸೊಪ್ಪಿನ ಪಾಯಸ ಅಂತ ಹೆಸರಿಡಬಾರದು, ಅಷ್ಟೆ.

ಇನ್ನೊಂದು ದಾರಿಯೂ ಇದೆ. 2022ರ 'ಕಾಂತಾರ' ಆದ ಮೇಲೆ 2025ರಲ್ಲಿ ಬಂದದ್ದು ಮುಂದಿನ ಕಥೆ ಅಲ್ಲ, ಹಿಂದಿನದು, ಕದಂಬರ ಕಾಲದ್ದು. ಅದನ್ನು ಮೆಚ್ಚಿದವರೂ ಇದ್ದಾರೆ, ಮೊದಲನೆಯದರ ಸಣ್ಣ ಊರೇ ಚೆನ್ನಾಗಿತ್ತು ಅನ್ನುವವರೂ ಇದ್ದಾರೆ. ಏನೇ ಇರಲಿ, ಮೊದಲ ಸಿನಿಮಾದ ಕೊನೆಯನ್ನು ಅದು ಮುಟ್ಟಲಿಲ್ಲ. ಕಾಡಿನೊಳಗೆ ಕೇಳಿದ ಆ ಕೂಗು ಹಾಗೇ ಉಳಿಯಿತು.

ಪ್ರಶ್ನೆ: 'ಕಸ್ತೂರಿ ನಿವಾಸ'ಕ್ಕೆ ಬಣ್ಣ ಹಾಕಿದ್ದನ್ನು ಮೊಮ್ಮಗಳ ಜೊತೆ ನೋಡಿದೆ. ಅವಳು ಪೂರ್ತಿ ನೋಡಿದಳು. ನನಗೆ ಮಾತ್ರ ಏನೋ ಕಳೆದುಕೊಂಡ ಹಾಗಾಯಿತು. ನನ್ನದು ಬರೀ ವಯಸ್ಸಿನ ಹಟವಾ? (ಪೊನ್ನಂಪೇಟೆಯ ಅಜ್ಜಿ)

ಖಂಡಿತ ಅಲ್ಲ ಅಜ್ಜಿ. 1971ರಲ್ಲಿ ದೊರೈ-ಭಗವಾನ್ ಅದನ್ನು ಮಾಡುವಾಗ ಕಪ್ಪು-ಬಿಳುಪಿನಲ್ಲೇ ಯೋಚಿಸಿ ಮಾಡಿದ್ದು. ಬೀಳಿಸಿದರೂ ಎದ್ದು ನಿಲ್ಲುವ ಆ ಗೊಂಬೆ, ಆ ಬಿಳಿ ಪಾರಿವಾಳ, ಕೊನೆಗೆ ಊಟ ಮುಗಿದ ಮೇಲೆ ಗೊತ್ತಾಗುವ ಆ ಸಂಗತಿ. ಪಾರಿವಾಳ ಬೆಳ್ಳಗೆ ಕಾಣಬೇಕಾದರೆ ಸುತ್ತ ಕಪ್ಪು ಇರಬೇಕು. 2014ರಲ್ಲಿ ಬಣ್ಣ ಬಂದಾಗ ಗೋಡೆ, ಸೀರೆ, ಪರದೆ ಎಲ್ಲವೂ ನಮ್ಮನ್ನು ಕರೆಯತೊಡಗಿದವು. ಅದರ ನಡುವೆ ಪಾರಿವಾಳ ಸ್ವಲ್ಪ ಸಣ್ಣದಾಯಿತು.

ಆದರೆ ನಿಮ್ಮ ಮೊಮ್ಮಗಳು ಪೂರ್ತಿ ನೋಡಿದಳಲ್ಲ! ಅವಳಿಗೆ ಬಣ್ಣವೇ ಬಾಗಿಲು. ಮುಂದಿನ ಸಲ ಕಪ್ಪು-ಬಿಳುಪಿನದ್ದನ್ನು ಹಾಕಿ, ಕೊನೆಯ ಅರ್ಧ ಗಂಟೆ ಸಾಕು. ಅವಳೇ ಏನು ಹೇಳುತ್ತಾಳೆ ನೋಡಿ ನನಗೆ ಬರೆಯಿರಿ.

ಪ್ರಶ್ನೆ: ಬೇರೆ ಭಾಷೆಯ ಸಿನಿಮಾವನ್ನು ಕನ್ನಡದಲ್ಲಿ ಮಾಡಿದರೆ ಅದೂ ರೀಮೇಕೇ. ಅದಕ್ಕೆ ನಿಮ್ಮ ಬೆಂಬಲ ಇದೆಯಾ? (ಕುಟ್ಟದ ಓದುಗರು)

ಕೆಲಸ ಚೆನ್ನಾಗಿ ಮಾಡಿದ್ದರೆ ಇದೆ. ಗಡಿಯಲ್ಲಿರುವ ನಿಮಗೆ 1993ರ ಮಲಯಾಳಂ 'ಮಣಿಚಿತ್ರತ್ತಾಳ್' ಗೊತ್ತೇ ಇರುತ್ತೆ. ಅದರಲ್ಲಿ ನಾಗವಲ್ಲಿ ತಮಿಳು ನರ್ತಕಿ, ಕೇರಳದ ಮನೆಯಲ್ಲಿ ಹೊರಗಿನವಳು. 2004ರಲ್ಲಿ ಪಿ. ವಾಸು 'ಆಪ್ತಮಿತ್ರ' ಮಾಡಿದಾಗ ಅವಳನ್ನು ತೆಲುಗು ಮಾತಾಡುವವಳನ್ನಾಗಿ ಮಾಡಿದರು. ನಮ್ಮ ಮನೆಗೆ ಹೊರಗಿನವಳು ಯಾರು ಅಂತ ಯೋಚಿಸಿದ್ದಾರೆ. ಸೌಂದರ್ಯ ಆ ಪಾತ್ರಕ್ಕೆ ಜೀವ ಕೊಟ್ಟರು, ಬಿಡುಗಡೆ ಆಗುವಷ್ಟರಲ್ಲಿ ಅವರೇ ಇರಲಿಲ್ಲ. ಆ ಸಿನಿಮಾ ನೋಡುವಾಗ ಇವತ್ತಿಗೂ ಗಂಟಲು ಕಟ್ಟುತ್ತೆ.

ಪ್ರಶ್ನೆ: ನೀವು ಹಳೆಯದರ ಪರ ಅಂತ ಗೊತ್ತು. 2024ರ ಹೊಸ 'ರಿವೆನ್' ಬಗ್ಗೆ ಯಾಕೆ ಬಾಯಿ ಬಿಟ್ಟಿಲ್ಲ? ಒಗಟುಗಳನ್ನೇ ಬದಲಿಸಿದ್ದಾರೆ. ಹಳೆಯ ಆಟಗಾರರಿಗೆ ಇದು ಮೋಸ ಅಲ್ವಾ? (ಕುಶಾಲನಗರದ ಓದುಗರು)

ಬಾಯಿ ಬಿಡದೆ ಇದ್ದದ್ದು, ಆಡಿ ಮುಗಿಸಿರಲಿಲ್ಲ ಅಂತ. ಈಗ ಮುಗಿಸಿದೆ.

1993ರ 'ಮಿಸ್ಟ್' ಆಟದ ಎರಡನೇ ಭಾಗ 1997ರ 'ರಿವೆನ್'. ಎರಡನೇ ಭಾಗ ಮೊದಲನೆಯದಕ್ಕಿಂತ ಆಳವಾಗಿರಬಹುದು ಅನ್ನೋದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಇದು. ಐದು ಸಿ.ಡಿ.ಗಳಲ್ಲಿ ಬಂತು. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಸಿ.ಡಿ. ಬದಲಿಸಬೇಕು. ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನಿಂದ ತಂದುಕೊಟ್ಟಿದ್ದ.

ಅದರಲ್ಲಿ ಮಕ್ಕಳ ಒಂದು ಶಾಲೆ ಇದೆ. ಖಾಲಿ ಕೋಣೆ. ಒಂದು ಮರದ ಆಟಿಕೆ. ದಾರಕ್ಕೆ ನೇತುಹಾಕಿದ ಪುಟ್ಟ ಮನುಷ್ಯ, ಕೆಳಗೆ ಬಾಯಿ ತೆರೆದ ದೊಡ್ಡ ಮೀನಿನಂಥ ಪ್ರಾಣಿ. ತಿರುಗಿಸಿದರೆ ಒಂದು ಗುರುತು ಬರುತ್ತೆ, ಮನುಷ್ಯ ಟಕ್ ಟಕ್ ಅಂತ ಕೆಳಗಿಳಿಯುತ್ತಾನೆ. ಎಷ್ಟು ಟಕ್ ಅಂತ ಎಣಿಸಿದರೆ ಆ ಗುರುತು ಯಾವ ಅಂಕಿ ಅಂತ ಗೊತ್ತಾಗುತ್ತೆ. ಹೀಗೆ ನಾವೂ ಆ ಊರಿನ ಮಕ್ಕಳ ಹಾಗೆ ಅಂಕಿ ಕಲಿಯಬೇಕು. ಕಲಿಯುತ್ತಾ ಕಲಿಯುತ್ತಾ ಹೊಟ್ಟೆಯಲ್ಲಿ ಒಂದು ನಡುಕ: ಈ ಊರಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದೇ ಮನುಷ್ಯನನ್ನು ಪ್ರಾಣಿಯ ಬಾಯಿಗೆ ಇಳಿಸುವ ಆಟದಿಂದ! ಊರನ್ನು ಆಳುವವನು ಎಂಥವನು ಅಂತ ಯಾರೂ ಒಂದು ಮಾತೂ ಹೇಳದೆ ಗೊತ್ತಾಗಿಬಿಡುತ್ತೆ.

ನಾನು ಆಗ ಒಂದು ನೋಟ್‌ಬುಕ್ ತುಂಬಾ ಆ ಗುರುತುಗಳನ್ನು ಬರೆದಿದ್ದೆ. ಅದು ಈಗಲೂ ಇದೆ. ಅಂಚು ಗೆದ್ದಲು ತಿಂದಿದೆ. 2024ರಲ್ಲಿ ಅದೇ ಸಯಾನ್ ಸ್ಟುಡಿಯೋ ಹೊಸದನ್ನು ಬಿಟ್ಟಾಗ ಆ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡೇ ಕೂತೆ. ಮೊದಲು ನಿಂತ ಚಿತ್ರಗಳ ಮೇಲೆ ಕ್ಲಿಕ್ ಮಾಡುತ್ತಿದ್ದವಳು ಈಗ ಆ ದಾರಿಗಳಲ್ಲಿ ನಡೆದೆ. ನಿಜವಾದ ನಟರ ವಿಡಿಯೋ ಇದ್ದ ಕಡೆ 3ಡಿ ಪಾತ್ರಗಳು. 1997ರ ಮುಖಗಳಲ್ಲಿ ಇದ್ದ ಉಸಿರು ಇವಕ್ಕಿಲ್ಲ. ಆ ವಿಷಯದಲ್ಲಿ ನನಗೆ ಬೇಜಾರಿದೆ.

ಒಗಟು ಬದಲಾದದ್ದು ಗೊತ್ತಾದಾಗ ನನಗೂ ಮೊದಲು ಸಿಟ್ಟು ಬಂತು. ನೋಟ್‌ಬುಕ್ ಕೆಲಸಕ್ಕೆ ಬರಲ್ಲ ಅಂತಾಯಿತಲ್ಲ. ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ. ಮತ್ತೆ ಕೂತಾಗ ಅನ್ನಿಸಿತು, ಇಪ್ಪತ್ತೈದು ವರ್ಷದ ಮೇಲೆ ಇದೇ ಜಾಗದಲ್ಲಿ ನನಗೆ ಮತ್ತೆ ಏನೂ ಗೊತ್ತಿಲ್ಲ! ಈ ಭಾಗ್ಯ ಯಾರಿಗೆ ಸಿಗುತ್ತೆ? ಅದೇ ನೋಟ್‌ಬುಕ್ಕಿನ ಕೊನೆಯಲ್ಲಿ ಉಳಿದಿದ್ದ ಖಾಲಿ ಪುಟದಲ್ಲಿ ಹೊಸದಾಗಿ ಬರೆಯಲು ಶುರು ಮಾಡಿದೆ.

ಮೋಸ ಅನ್ನಬೇಡಿ. 1997ರ ಆಟವೂ ಇವತ್ತಿಗೂ ಮಾರಾಟಕ್ಕಿದೆ. ಎರಡೂ ಇವೆ. ನಿಮ್ಮ ಹಳೆಯ ಉತ್ತರಗಳು ಅಲ್ಲಿ ಈಗಲೂ ಸರಿ.

ಪ್ರಶ್ನೆ: ಹಳೆಯ ಆಟಗಳನ್ನು ಈಗಿನ ಲ್ಯಾಪ್‌ಟಾಪಿನಲ್ಲಿ ಆಡುವುದು ಹೇಗೆ? (ನಾಪೋಕ್ಲುವಿನ ಓದುಗರು)

ಡಾಸ್ ಕಾಲದ ಆಟಗಳಿಗೆ 'ಡಾಸ್‌ಬಾಕ್ಸ್' ಅನ್ನೋ ಪ್ರೋಗ್ರಾಂ ಹಾಕಿಕೊಳ್ಳಿ. 'ಮಂಕಿ ಐಲ್ಯಾಂಡ್' ತರದ ಒಗಟಿನ ಆಟಗಳಿಗೆ 'ಸ್ಕಮ್‌ವಿಎಂ' ಒಳ್ಳೆಯದು. ಅದು ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತೆ. ಎರಡೂ ಉಚಿತ. ಆಟವನ್ನು ಮಾತ್ರ ದುಡ್ಡು ಕೊಟ್ಟೇ ತಗೊಳ್ಳಿ. 'ಗಾಗ್' ಅನ್ನೋ ಇಂಟರ್ನೆಟ್ ಅಂಗಡಿಯಲ್ಲಿ ಹಳೆಯವು ಕಡಿಮೆ ಬೆಲೆಗೆ ಸಿಗುತ್ತವೆ, ಅಲ್ಲಿಂದ ಇಳಿಸಿಕೊಂಡ ಫೈಲನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಬಹುದು. ಇಳಿಸಿದ ದಿನವೇ ಒಂದು ಪೆನ್‌ಡ್ರೈವಿಗೂ ಹಾಕಿಡಿ. ನಮ್ಮ ಕಡೆ ಮಳೆಗಾಲದಲ್ಲಿ ಸಿಡಿಲಿಗೆ ಎಷ್ಟು ಕಂಪ್ಯೂಟರ್ ಹೋಗಿವೆ ಅಂತ ನಿಮಗೇ ಗೊತ್ತು.

ಪ್ರಶ್ನೆ: ನಾವಿಬ್ಬರು ಸ್ನೇಹಿತರು, ಒಂದೇ ಟೀಮಿನಲ್ಲಿ ಹಾಕಿ ಆಡಿದವರು. 2017ರ 'ಸ್ಟಾರ್ ವಾರ್ಸ್: ದಿ ಲಾಸ್ಟ್ ಜೆಡೈ' ವಿಷಯಕ್ಕೆ ಶುರುವಾದ ಜಗಳ ಈಗ ಮಾತು ಬಿಡುವವರೆಗೆ ಬಂದಿದೆ. ನಮ್ಮ ಬಾಲ್ಯದ ಹೀರೋ ಲ್ಯೂಕ್‌ನನ್ನು ಹಾಳು ಮಾಡಿದರು ಅಂತ ನಾನು. ಅದೇ ಒಳ್ಳೆಯ ಭಾಗ ಅಂತ ಅವನು. ನೀವು ಯಾರ ಕಡೆ? (ಬಾಳೆಲೆಯ ಓದುಗರು)

ನಾನು ನಿಮ್ಮ ಸ್ನೇಹಿತರ ಕಡೆ. ಆದರೆ ಮೊದಲ ಸಲ ನೋಡಿದಾಗ ನಿಮ್ಮ ಕಡೆ ಇದ್ದೆ.

1983ರ 'ಸ್ಟಾರ್ ವಾರ್ಸ್' ಸಿನಿಮಾದ ಕೊನೆಗೆ ಅಪ್ಪನನ್ನೇ ಗೆದ್ದು ಉಳಿಸಿಕೊಂಡ ಹುಡುಗ ಲ್ಯೂಕ್. ಮೂವತ್ತನಾಲ್ಕು ವರ್ಷದ ಮೇಲೆ ರಿಯಾನ್ ಜಾನ್ಸನ್ ಅವನನ್ನು ಒಂದು ದ್ವೀಪದಲ್ಲಿ ಒಂಟಿ ಮುದುಕನಾಗಿ ತೋರಿಸಿದರು. ರೇ ಅನ್ನೋ ಹುಡುಗಿ ಅಷ್ಟು ದೂರದಿಂದ ಅವನ ಕತ್ತಿ ತಂದು ಕೈಗೆ ಕೊಡುತ್ತಾಳೆ. ಅವನು ಅದನ್ನು ತಿರುಗಿಯೂ ನೋಡದೆ ಹೆಗಲ ಹಿಂದಕ್ಕೆ ಎಸೆದುಬಿಡುತ್ತಾನೆ. ನನಗೆ ಎದೆಗೆ ಹೊಡೆದ ಹಾಗಾಯಿತು.

ಆಮೇಲೆ ಅಪ್ಪ ನೆನಪಾದರು. ಕ್ಯಾಸೆಟ್ ಕಾಲ ಮುಗಿದ ಮೇಲೆ ಅವರು ಲೈಬ್ರರಿ ಮುಚ್ಚಿದರು. ಸಾವಿರಕ್ಕೂ ಹೆಚ್ಚು ಕ್ಯಾಸೆಟ್ಟುಗಳನ್ನು ಗುಜರಿಯವನು ತೂಕಕ್ಕೆ ತಗೊಂಡು ಹೋದ. ಗೋಣಿಚೀಲದಲ್ಲಿ ತುಂಬಿಸುವಾಗ ಅಪ್ಪ ಒಂದು ಸಲವೂ ಹೊರಗೆ ಬಂದು ನೋಡಲಿಲ್ಲ. ಮುಂದೆ ಮೂರು ವರ್ಷ ಮನೆಯಲ್ಲಿ ಸಿನಿಮಾದ ಮಾತೇ ಇಲ್ಲ. ಟಿ.ವಿ.ಯಲ್ಲಿ ಅವರು ನೂರು ಸಲ ನೋಡಿದ ಸಿನಿಮಾ ಬಂದರೂ ಎದ್ದು ತೋಟಕ್ಕೆ ಹೋಗುತ್ತಿದ್ದರು. ನನಗೆ ಅವರ ಮೇಲೆ ಎಷ್ಟು ಸಿಟ್ಟಿತ್ತು! ನನಗೆ ಸಿನಿಮಾ ಕಲಿಸಿದ ಮನುಷ್ಯ ಇವರಲ್ಲ ಅಂತ ಅನ್ನಿಸುತ್ತಿತ್ತು. ನೀವು ಲ್ಯೂಕ್ ಬಗ್ಗೆ ಬರೆದಿರುವ ಮಾತು ಅದೇ.

ಅವರು ತೀರಿಕೊಳ್ಳುವ ಹಿಂದಿನ ವರ್ಷ, ಇಂಥದ್ದೇ ಕಕ್ಕಡದ ಒಂದು ರಾತ್ರಿ. ಎರಡು ದಿನದಿಂದ ಕರೆಂಟ್ ಇರಲಿಲ್ಲ. ನನ್ನ ಮಗಳು ಮೊಬೈಲ್ ಚಾರ್ಜ್ ಇಲ್ಲ ಅಂತ ಅಳುತ್ತಿದ್ದಳು. ಅಪ್ಪ ಸೀಮೆಎಣ್ಣೆ ದೀಪ ಹತ್ತಿರಕ್ಕೆ ಎಳೆದುಕೊಂಡು, 'ಒಂದು ಸಿನಿಮಾ ಹೇಳಲಾ?' ಅಂದರು. ಎರಡೂವರೆ ಗಂಟೆ ಹೇಳಿದರು. ಇಂಟರ್‌ವಲ್ ಬಂದಾಗ ನಿಲ್ಲಿಸಿ, ನನಗೆ ಕಾಫಿ ತರಲು ಹೇಳಿ, ಆಮೇಲೆ ಮುಂದುವರಿಸಿದರು. ಅದು ಆ ಮದುವೆ ರೆಕಾರ್ಡ್ ಆದ ಕ್ಯಾಸೆಟ್ಟಿನ ಸಿನಿಮಾ. ಅಳಿಸಿಹೋದ ಮೊದಲ ನಲವತ್ತು ನಿಮಿಷವನ್ನೂ ಬಿಡಲಿಲ್ಲ.

ಹಾಗಾಗಿ ಕತ್ತಿ ಎಸೆದ ದೃಶ್ಯ ಈಗ ನೋಡಿದರೆ ನನಗೆ ಸಿಟ್ಟು ಬರುವುದಿಲ್ಲ. ನಿಮಗೆ ಬರಬಹುದು, ನಿಮ್ಮ ಲ್ಯೂಕ್ 1983ರಲ್ಲಿ ಹಾಗೇ ಇದ್ದಾನೆ, ಅವನನ್ನು ಯಾರೂ ಅಳಿಸಿಲ್ಲ. ಸ್ನೇಹಿತರಿಗೆ ಇವತ್ತೇ ಫೋನ್ ಮಾಡಿ. ಜಗಳ ಮುಂದುವರಿಸುವುದಾದರೂ ಎದುರೆದುರು ಕೂತು ಆಡಿ. ಭಾನುವಾರ ಮಧ್ಯಾಹ್ನ ನಾನು ಅಂಗಡಿಯಲ್ಲೇ ಇರುತ್ತೇನೆ, ಇಬ್ಬರೂ ಒಟ್ಟಿಗೆ ಬನ್ನಿ. ಕರೆಂಟ್ ಇದ್ದರೆ ಎರಡನ್ನೂ ಹಾಕಿ ನೋಡೋಣ. 1983ರದ್ದು ಮೊದಲು.